ಕುರ್ಚಿಗೊಂದು ಪುಸ್ತಕ

"ಇದೊಂದನ್ನಾದ್ರೂ ನಿಮ್ಮ ಹೆಸರಲ್ಲಿ ಬರೆಸ್ಕೊಳ್ಳಿ ಸಾರ್," ಎನ್ನುತ್ತಾ ಅವಳು ತೆಳ್ಳನೆಯ ಪುಸ್ತಕವನ್ನು ಪ್ರಾಂಶುಪಾಲರ ಕೈಗೆ ತುರುಕಿದಳು. ಗಂಡನ ಹೆಣ ಇನ್ನೂ ಹಜಾರದಲ್ಲೇ ಇತ್ತು. ಪ್ರಾಂಶುಪಾಲರು ಮನೆಯ ಕುಂಟುಗಾಲಿನ ಕುರ್ಚಿಯಲ್ಲಿ ಅತ್ತಿತ್ತ ವಾಲಿದರು.

"ಈ ಹೊತ್ತಲ್ಲಿ ಪುಸ್ತಕದ ಮಾತಾ ತಾಯೀ?"

"ಇನ್ಯಾವಾಗ ಸಾರ್? ಅವರಂತೂ ಹೋದ್ರು. ಇವನ್ನಾದ್ರೂ ಉಳಿಸ್ಕೊಡಿ."

ಶಿಕ್ಷಕರ ತರಬೇತಿ ಕಾಲೇಜಿನ ಗ್ರಂಥಪಾಲಕ ಅವಳ ಗಂಡ. ಶಿಕ್ಷಣದ ತತ್ತ್ವಶಾಸ್ತ್ರ, ಪಾಠ ಹೇಳುವ ರೀತಿಯನ್ನೇ ಪ್ರಶ್ನಿಸುವ ಗ್ರಂಥಗಳು, ಇವನ್ನು ಹುಡುಕಿ ಆರಿಸುವುದೇ ಅವನ ಹುಚ್ಚು. ಯಾರೂ ಮನೆಗೆ ಒಯ್ಯದ ಪುಸ್ತಕ ರದ್ದಿಗೆ ಹೋಗಬೇಕೆಂಬುದು ಕಾಲೇಜಿನ ನಿಯಮ. ಅದಕ್ಕೇ ಎಲ್ಲವನ್ನೂ ಹೆಂಡತಿಯ ಕಾರ್ಡಿನಲ್ಲಿ ತಂದಿಟ್ಟುಕೊಂಡಿದ್ದ. ನೌಕರನ ಹೆಂಡತಿಗೆಂದು ಕೊಟ್ಟಿದ್ದ ಆ ಕಾರ್ಡೂ ಅವನ ಜೊತೆಗೇ ಹೋಯಿತು. ನಾಳೆ ಗ್ರಂಥಾಲಯದ ಪುಸ್ತಕಗಳ ಎಣಿಕೆ. ಬೇರೆ ಯಾರೂ ಹೆಸರು ಕೊಡದಿದ್ದರೆ ಎಲ್ಲವೂ ರದ್ದಿ ಗಾಡಿಗೆ.

*

"ಗೈಡು ತರ್ಸಿ ಅಂದ್ರೆ ಇದ್ಯಾಕ್ರೀ ತಂದ್ರಿ?" ಎಂದು ಪ್ರಾಂಶುಪಾಲರು ಬೈದಿದ್ದ ಸಂಜೆ, ಅವನು ಇದೇ ತೆಳ್ಳನೆಯ ಪುಸ್ತಕವನ್ನು ಅವಳ ಹೊಲಿಗೆ ಯಂತ್ರದ ಮೇಲಿಟ್ಟಿದ್ದ.

"ಒಂದು ಪುಟ ಓದು. ನಿನ್ನ ಹೆಸರಲ್ಲಿದೆ, ಸುಳ್ಳಾಗಬಾರ್ದು."

"ನಂಗೆ ತಲೆಬುಡ ಅರ್ಥ ಆಗಲ್ಲ ಕಣ್ರೀ."

ಆದರೂ ಓದಿದಳು. ಉತ್ತರ ಗೊತ್ತಿರುವ ಪ್ರಶ್ನೆಯನ್ನಷ್ಟೇ ಕೇಳುವ ಮೇಷ್ಟ್ರು ಕಲಿಸುತ್ತಿಲ್ಲ, ಕಾವಲು ಕಾಯುತ್ತಿದ್ದಾನೆ ಎಂದಿತ್ತು.

"ನಮ್ಮ ಮೇಷ್ಟ್ರು ಬೆತ್ತ ಬೇರೆ ಹಿಡ್ಕೊಂಡು ಕಾಯ್ತಿದ್ರು!"

"ನೋಡು, ಅರ್ಥ ಆಯ್ತಲ್ಲ! ಹೀಗೆ ಇನ್ನೊಬ್ರು ಓದಿದ್ರೆ ಸಾಕು ಕಣೆ ನಂಗೆ." ಅವತ್ತು ಅವನ ಮುಖ ನೋಡಬೇಕಿತ್ತು.

*

ಅಂಗಳದಲ್ಲಿ ಕೂತವರೆಲ್ಲ ಅವನ ಕಾಲೇಜಿನಲ್ಲೇ ಕಲಿತು ಮೇಷ್ಟ್ರಾದವರು.

"ಸಿಲಬಸ್ಸೇ ಮುಗೀತಿಲ್ಲ ಅಕ್ಕಾ," ಎಂದನೊಬ್ಬ. "ಕನ್ನಡಕ ತಂದಿಲ್ಲ," ಎಂದನಿನ್ನೊಬ್ಬ. ಅಯ್ಯೋ, ಹೆಣದ ಮುಂದೆ ಹೇಳುವ ನೆವವೇ ಅದು!

"ಕಾಲಿಗೆ ಬೀಳ್ತೀನಿ ಕಣ್ರಪ್ಪಾ, ಬೇಡ ಅನ್ಬೇಡಿ." ಒಬ್ಬೊಬ್ಬರ ಕೈಗೂ ಒಂದೊಂದು ಇಟ್ಟಳು. ಅವರು ಆಯ್ತೆಂದು ತಲೆಯಾಡಿಸಿದರು.

ಹೆಣ ಎತ್ತುವಾಗ ಎಲ್ಲರಿಗೂ ಖಾಲಿ ಕೈ ಬೇಕಾಯಿತು.

ಎಲ್ಲ ಮುಗಿಸಿ ಮರಳಿದಾಗ ಅಂಗಳದಲ್ಲಿ ಕುರ್ಚಿಗೊಂದರಂತೆ ಪುಸ್ತಕಗಳು ಕೂತಿದ್ದವು. ಒಬ್ಬರೂ ಒಯ್ದಿರಲಿಲ್ಲ. ಅವಳು ಹಜಾರಕ್ಕೆ ಬಂದರೆ, ಪ್ರಾಂಶುಪಾಲರ ಕುರ್ಚಿ ಖಾಲಿ!

"ರೀ, ತಗೊಂಡ್ರು ಕಣ್ರೀ!" ಎಂದು ಒಳಕೋಣೆಯತ್ತ ಕೂಗಿಬಿಟ್ಟಳು. ಕೂಗಿದ ಮೇಲೆ ನೆನಪಾಯಿತು. ಸಾವರಿಸಿಕೊಳ್ಳಲು ಆ ಕುರ್ಚಿಯ ಬೆನ್ನು ಹಿಡಿದಳು.

ಕುರ್ಚಿ ವಾಲಲಿಲ್ಲ.

ಬಗ್ಗಿ ನೋಡಿದಳು. ಕುಂಟುಗಾಲಿನ ಕೆಳಗೆ ಆ ತೆಳ್ಳನೆಯ ಪುಸ್ತಕ ಅಳತೆ ಮಾಡಿಟ್ಟಂತೆ ಕೂತಿತ್ತು.