ಬ್ರೇಕಿನ ಮೇಲೆ ಕಾಲು

"ಅತ್ತಿ, ನಾ ಹೇಳೂತನಕಾ ಕಾಲ ಎತ್ತಬ್ಯಾಡ್ರಿ. ಏನರ ಆಗ್ಲಿ, ಎತ್ತಬ್ಯಾಡ್ರಿ."

ಇಷ್ಟು ಹೇಳಿ ಕಿಶೋರ ಡಾಂಬರಿನ ಮೇಲೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಪಿಕಪ್ ಗಾಡಿಯ ಕೆಳಗೆ ಸರಿದ. ಸತ್ತೆವ್ವ ಡ್ರೈವರ್ ಸೀಟಿನ ತುದಿಗೆ ಬಂದು, ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಹಿಡಿದು, ಬಲಗಾಲಿನಿಂದ ಬ್ರೇಕ್ ಒತ್ತಿದಳು. ಕಬ್ಬು ಕಡಿಯಲು ಇಂಥ ಗಾಡಿಗಳ ಹಿಂದೆ ನಿಂತು ಊರೂರು ತಿರುಗಿದವಳೇ. ಆದರೆ ಈ ಸೀಟಿನಲ್ಲಿ ಕುಳಿತದ್ದು ಇದೇ ಮೊದಲು. ಇಂಜಿನ್ ಬಂದ್ ಆಗಿದ್ದರಿಂದ ಬ್ರೇಕು ಕಲ್ಲಿನ ಹಾಗೆ ಸೆಟೆದಿತ್ತು. ಮೈಭಾರವನ್ನೆಲ್ಲ ಕಾಲಿಗೇ ಹಾಕಬೇಕಾಗಿತ್ತು.

ಗೋಕಾಕ ದಾಟಿ ಫಾಲ್ಸ್ ಕಡೆಗೆ ಏರುವ ರಸ್ತೆ ಅದು. ಬೆಳಿಗ್ಗೆ ಮೂಡಲಗಿಯಲ್ಲಿ ಬೆಲ್ಲದ ಪೆಂಟಿ ಹೇರಿಕೊಂಡ ಕಿಶೋರ, ಕುಲಗೋಡಕ್ಕೆ ಬಂದು ಹೆಂಡತಿ ಸುಮನಳನ್ನೂ ಅವಳನ್ನು ಬಿಟ್ಟುಬರಲು ಹೊರಟ ಅತ್ತೆಯನ್ನೂ ಹತ್ತಿಸಿಕೊಂಡು ಹುಕ್ಕೇರಿ ಕಡೆಯ ತನ್ನ ಊರಿಗೆ ಹೊರಟಿದ್ದ. ಏರು ಶುರುವಾದ ಮೇಲೆ ಕಾಲಡಿಯಿಂದ ಗುಂಯ್ ಎಂಬ ಸದ್ದು ಬಂತು. ಆಮೇಲೆ ಯಾರೋ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಗಾಡಿ ಇಡಿಯಾಗಿ ಅದುರತೊಡಗಿತು. ಇಂಜಿನ್ನಿನಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ನಡುವೆ ಎತ್ತಿಹಿಡಿದ ಬೇರಿಂಗ್ ಸಡಿಲಾಗಿತ್ತು. ಅದರ ಸುತ್ತಲಿನ ರಬ್ಬರು ಹರಿದು ಚಿಂದಿಯಾಗಿತ್ತು. ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸಿ ಒಳಗೆ ತುರುಕಿ, ತಂತಿ ಬಿಗಿದರೆ ಊರು ಮುಟ್ಟಬಹುದು. ಅದಕ್ಕೆ ಶಾಫ್ಟಿನ ಹಿಂದಿನ ತುಂಡನ್ನು ಬಿಚ್ಚಬೇಕು. ಬಿಚ್ಚಿದ ಮೇಲೆ ಗೇರಿಗೂ ಗಾಲಿಗೂ ಸಂಬಂಧವಿಲ್ಲ, ಗೇರಿನಲ್ಲಿ ನಿಲ್ಲಿಸಿದ್ದರೂ ಗಾಡಿ ಹಿಂದಕ್ಕೆ ಹೋಗುತ್ತದೆ. ಹ್ಯಾಂಡ್ ಬ್ರೇಕಿನ ವಾಯರು ಹರಿದು ಎಷ್ಟೋ ದಿನವಾಗಿತ್ತು.

"ಮಿಸ್ತ್ರಿನ ಕರಸೋಣಲ್ರಿ ಅಳಿಯಾರ," ಎಂದಿದ್ದಳು ಸತ್ತೆವ್ವ.

"ಕಾರ್ಖಾನಿ ಸೀಜನ್ ಐತ್ರಿ ಅತ್ತಿ. ಎಲ್ಲಾ ಮಿಸ್ತ್ರಿಗೋಳು ಕಬ್ಬಿನ ಟ್ರ್ಯಾಕ್ಟರ್ ಕೆಳಗ ಅದಾರ. ನಾನಾ ಮಾಡ್ತೇನಿ, ನೀವು ಬ್ರೇಕ್ ಒತ್ತಿರಿ ಸಾಕು." ಆಮೇಲೆ ಹೆಂಡತಿಯ ಕಡೆ ತಿರುಗದೆಯೇ, "ನೀ ಗಾಲಿಗೆ ಕಲ್ಲ ಕೊಡು," ಎಂದಿದ್ದ.

ಸುಮನ ಎರಡೂ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಅವಳ ಬೆನ್ನಿನ ಹಿಂದೆ ಸ್ವಲ್ಪ ದೂರದಲ್ಲಿ ರಸ್ತೆ ಹೊರಳುತ್ತಿತ್ತು. ಹೊರಳಿನಾಚೆ ನೆಲ ಇರಲಿಲ್ಲ, ಬಂಡೆಗಳ ನಡುವೆ ಬಿಸಿಲಷ್ಟೇ ಇತ್ತು. ಸತ್ತೆವ್ವನಿಗೆ ಇದೆಲ್ಲ ಬಾಗಿಲ ಬದಿಯ ಕನ್ನಡಿಯಲ್ಲಿ ಕಾಣುತ್ತಿತ್ತು.

ದೀಪಾವಳಿಗೆ ಬಂದ ಮಗಳು ಸಂಕ್ರಾಂತಿ ಕಳೆದರೂ ಹೋಗಿರಲಿಲ್ಲ. "ಹೊಡೀತಾರ ಯವ್ವಾ," ಎಂದಿದ್ದಳು ಬಂದ ದಿನವೇ. ಮೈಮೇಲೆ ಗಾಯವೇನೂ ಕಾಣಲಿಲ್ಲ. ಸತ್ತೆವ್ವ ಏನೂ ಅನ್ನದೆ ರೊಟ್ಟಿ ಬಡಿದು ಹಾಕಿದ್ದಳು. ಆಮೇಲೆ ಕಿಶೋರ ಬರತೊಡಗಿದ. ಕುಡಿದು ಬಂದವನಲ್ಲ, ಗದ್ದಲ ಮಾಡಿದವನಲ್ಲ. ಪ್ರತಿ ಸಲ ಹಣ್ಣು ತಂದು, ಕಟ್ಟೆಯ ಮೇಲೆ ಕುಳಿತು, ಮಾತಿಗೊಮ್ಮೆ ಅತ್ತಿ ಅತ್ತಿ ಎನ್ನುತ್ತಿದ್ದ. ಸುಮನ ಮಾತ್ರ ಅವನ ಗಾಡಿಯ ಸದ್ದು ಕೇಳುತ್ತಲೇ ಹಿತ್ತಲಿಗೆ ಹೋಗುತ್ತಿದ್ದಳು. ಸತ್ತೆವ್ವನ ಭಾವ ಮುರಿಗೆಪ್ಪ ನಡುವೆ ಕುಳಿತು ಮಾತು ಮುಗಿಸಿದ: "ಹುಡುಗ ಬಂಗಾರದಂಥಾಂವ ಅದಾನ. ಸಣ್ಣಪುಟ್ಟದ್ದು ಯಾರ ಮನ್ಯಾಗ ಇಲ್ಲ? ಕಳಸು." ಸತ್ತೆವ್ವನಿಗೂ ಹಾಗೇ ಅನ್ನಿಸಿತ್ತು, ಅಥವಾ ಹಾಗೆ ಅನ್ನಿಸಲಿ ಎಂದು ಅವಳು ಬಯಸಿದ್ದಳು.

"ಶಾಫ್ಟ್ ಇಳಸಾಕತ್ತೇನ್ರಿ," ಕೆಳಗಿನಿಂದ ದನಿ ಬಂತು. "ಈಗ ಗಾಡಿ ನಿಮ್ಮ ಕಾಲಾಗ ಐತಿ."

ಖಣ್ಣೆಂದು ಕಬ್ಬಿಣ ರಸ್ತೆಗೆ ತಾಕಿತು. ಆ ಕ್ಷಣವೇ ಗಾಡಿಯ ಭಾರ ಒಮ್ಮೆಲೇ ತನ್ನ ಪಾದಕ್ಕೆ ಬಂದು ಕುಳಿತಂತಾಯಿತು ಸತ್ತೆವ್ವನಿಗೆ. ಬೆನ್ನನ್ನು ಸೀಟಿಗೆ ಒತ್ತಿ, ಹಲ್ಲು ಕಚ್ಚಿ ಕುಳಿತಳು.

ಆಗಲೇ ಕೆಳಗಿನಿಂದ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆಯುತ್ತ, ಹಾಡು ಹಚ್ಚಿಕೊಂಡು ಏರಿ ಬಂತು. ಪಿಕಪ್ಪಿನ ಪಕ್ಕಕ್ಕೆ ಬರುವ ಹೊತ್ತಿಗೆ ನೆಲವೇ ಅದುರಿತು. ಹೊರಚಾಚಿದ ಕಬ್ಬಿನ ಗಣಿಕೆಗಳು ಬಾಗಿಲಿಗೆ ಸವರಿ ಹೋದವು. ಸತ್ತೆವ್ವ ಬೆಚ್ಚಿ ತಲೆ ಹಿಂದೆ ಸೆಳೆದಳು. ಚಪ್ಪಲಿ ಬ್ರೇಕಿನ ಮೇಲಿಂದ ಜಾರಿತು.

ಗಾಡಿ ಹಿಂದಕ್ಕೆ ಸರಿಯಿತು. ಒಂದು ಕಡೆಯ ಕಲ್ಲು ಸಿಡಿದು ಉರುಳಿದ್ದು ಕನ್ನಡಿಯಲ್ಲಿ ಕಂಡಿತು. ಕೆಳಗಿನಿಂದ ಕಿಶೋರ ಕೂಗಿದ, ಮಾತಲ್ಲ, ಬರೀ ದನಿ. ಸತ್ತೆವ್ವ ಚಪ್ಪಲಿ ಕೊಡವಿ ಬರಿಗಾಲಿನಿಂದ ಬ್ರೇಕ್ ತುಳಿದಳು. ಸುಮನ ಕುಕ್ಕರಿಸಿ ಇನ್ನೊಂದು ಕಲ್ಲನ್ನು ಗಾಲಿಯಡಿಗೆ ನೂಕಿ, ತನ್ನ ಭುಜವನ್ನೂ ಗಾಡಿಗೆ ಕೊಟ್ಟು ನಿಂತಳು. ಗಾಡಿ ನಿಂತಿತು.

"ಕಿಶೋರಾ," ಎಂದಳು ಸತ್ತೆವ್ವ. ಅಳಿಯನ ಹೆಸರು ಹಿಡಿದು ಅವಳು ಎಂದೂ ಕರೆದಿರಲಿಲ್ಲ. "ಅದೀರಿಲ್ಲ?"

"ಅದೇನ್ರಿ, ಏನೂ ಆಗಿಲ್ಲ."

ಅವನು ಕೆಳಗಿನಿಂದ ಹೊರಗೆ ಬಂದ. ಮುಖ ಮಣ್ಣಾಗಿತ್ತು, ಮೊಣಕೈ ಕೆತ್ತಿ ರಕ್ತ ಒಸರುತ್ತಿತ್ತು. ತಪ್ಪು ತನ್ನದೆಂದು ಹೇಳಲು ಸತ್ತೆವ್ವ ಬಾಯಿ ತೆರೆದಳು. ಅವನು ಅವಳ ಕಡೆ ನೋಡಲಿಲ್ಲ. ನೇರ ಸುಮನಳ ಹತ್ತಿರ ಹೋದ. ಬೋಲ್ಟು ತಿರುಗಿಸುವ ಅವನ ದೊಡ್ಡ ಪಾನಾ ಗಾಡಿ ಸರಿದಾಗ ಹೊರಗೆ ಸಿಡಿದಿತ್ತು; ಅವಳು ಅದನ್ನು ಎತ್ತಿ ಹಿಡಿದಿದ್ದಳು. ಅದನ್ನು ತೆಗೆದುಕೊಳ್ಳಲು ಅವನು ಕೈ ಚಾಚಿದ.

ಚಾಚಿದನೋ ಇಲ್ಲವೋ, ಸುಮನಳ ಎಡತೋಳು ಮೇಲೆದ್ದಿತು. ಮೊಣಕೈ ಮುಖದ ಮುಂದೆ, ಅಂಗೈ ಕಿವಿಯ ಮೇಲೆ. ಕಣ್ಣು ಮುಚ್ಚಿ, ಒಂದು ಭುಜ ತಗ್ಗಿಸಿ, ಗೋಡೆಯೇ ಇಲ್ಲದ ಕಡೆ ಗೋಡೆಗೆ ಒರಗಿದವಳ ಹಾಗೆ ನಿಂತಳು. ಅದರಲ್ಲಿ ಗಾಬರಿಯೂ ಇರಲಿಲ್ಲ. ಬಿಸಿಲಿಗೆ ಸೆರಗು ಎಳೆದುಕೊಂಡಷ್ಟೇ ಸಲೀಸಾಗಿತ್ತು.

ಕಿಶೋರ ಪಾನಾ ಕಸಿದುಕೊಂಡು ಗಾಡಿಯ ಮುಂಭಾಗದ ಕಡೆ ನೋಡಿ ನಕ್ಕ. "ನೋಡ್ರಿ ಅತ್ತಿ. ಪಾನಾ ಇಸ್ಕೊಳ್ಳಾಕ ಹ್ವಾದ್ರ ಹೆಂಗ ಮಾಡ್ತಾಳ. ಕಂಡ ಮಂದಿ ಏನ್ ಅನ್ಬೇಕು?"

ಕನ್ನಡಿಯಲ್ಲಿ ಸುಮನಳ ತೋಳು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ.

ಅವನು ಮತ್ತೆ ಗಾಡಿಯ ಕೆಳಗೆ ಸರಿದ. ರಬ್ಬರು ತುರುಕಿ ಬಡಿಯುವ ಸದ್ದು ಒಂದೊಂದೇ ಏಟಾಗಿ ಸೀಟಿನಿಂದ ಸತ್ತೆವ್ವನ ಬೆನ್ನಿಗೆ ಏರಿತು. ಈ ಕಾಲು ಎತ್ತಿದರೆ ಆಯಿತಲ್ಲ ಎಂಬ ಯೋಚನೆ ಹೇಳದೆ ಕೇಳದೆ ಬಂತು. ಬಂದದ್ದಕ್ಕೆ ಹೆದರಿ ಅವಳು ಎಡಗಾಲನ್ನೂ ಬ್ರೇಕಿನ ಮೇಲಿಟ್ಟಳು. ಎರಡೂ ಕಾಲಿನಿಂದ ತುಳಿದು ಹಿಡಿದಳು. ಉಸಿರು ಹತ್ತಿತು. ಮಗಳು ಹೇಳಿದ ದಿನ ತಾನು ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿದ್ದು, ಅಷ್ಟೇ ನೆನಪಾಗುತ್ತಿತ್ತು. ಆ ಕೆಲಸದಿಂದ ತಲೆ ಎತ್ತಿಯೂ ನೋಡಿರಲಿಲ್ಲ.

"ಗಟ್ಟಿ ಹಿಡದೀರಿಲ್ರಿ ಅತ್ತಿ?" ಈ ಸಲ ದನಿಯಲ್ಲಿ ನಗೆ ಇರಲಿಲ್ಲ. "ಮಾತಾಡ್ರಿ. ಯಾಕ ಸುಮ್ಮನಾದ್ರಿ?"

"ಹಿಡದೇನಿ."

"ಸುಮನಾಗ ನಾ ಏನೂ ಮಾಡಿಲ್ರಿ. ಇನ್ ಮುಂದ ಏನೂ ಅನ್ನಂಗಿಲ್ಲ. ನಿಮ್ಮಾಣಿ."

ಆ ದನಿ ನೆಲದಡಿಯಿಂದ ಬಂದಂತಿತ್ತು. ಗಾಡಿಯ ಕೆಳಗೆ ಮಲಗಿದವನ ಬಾಯಿಂದ ಈಗ ಯಾವ ಮಾತು ಬೇಕಾದರೂ ಹೊರಡಿಸಬಹುದು. ಅಂಥ ಮಾತು ಅವಳಿಗೆ ಬೇಕಾಗಿರಲಿಲ್ಲ.

"ಮೊದಲ ನಿಮ್ಮ ಕೆಲಸ ಮುಗಸ್ರಿ," ಎಂದಳು.

ಬೋಲ್ಟುಗಳನ್ನು ಬಿಗಿದು ಕಿಶೋರ ಹೊರಬಂದಾಗ ನೆರಳು ರಸ್ತೆಯ ಅರ್ಧಕ್ಕೆ ಬಂದಿತ್ತು. ಅವನು ಸೀಟಿಗೆ ಬಂದು ಬ್ರೇಕ್ ಒತ್ತಿಕೊಂಡ ಮೇಲೆಯೇ ಅವಳು ಕಾಲು ತೆಗೆದಳು. ಇಂಜಿನ್ ಶುರುವಾಯಿತು. ಗಾಡಿಯನ್ನು ಮೊಳದಷ್ಟು ಮುಂದೆ ಬಿಟ್ಟು, ಮತ್ತೆ ಹಿಂದಕ್ಕೆ ಸರಿಸಿ ಕಲ್ಲಿಗೆ ಒರಗಿಸಿ, ಸದ್ದಿಗೆ ಕಿವಿಗೊಟ್ಟ. ಗುಂಯ್‌ಗುಡುವುದು ನಿಂತಿತ್ತು. "ಆತ್ ನೋಡ್ರಿ," ಎಂದು ಖುಷಿಯಾಗಿ ಕೆಳಗಿಳಿದು ಪಾನಾ ಒರೆಸುತ್ತ ಬಂದವನು, ಅತ್ತೆ ಗಾಡಿಯ ಹಿಂಭಾಗದಿಂದ ಸುಮನಳ ಬಟ್ಟೆಯ ಗಂಟನ್ನು ಇಳಿಸುತ್ತಿರುವುದನ್ನು ಕಂಡು ನಿಂತ.

"ಯಾಕ್ರಿ?"

"ಸುಮಿ ಬರಂಗಿಲ್ರಿ ಅಳಿಯಾರ."

"ಮುರಿಗೆಪ್ಪ ಕಾಕಾನ ಮುಂದ ಮಾತು ಆಗೇತ್ರಿ."

"ಭಾವಾರಿಗೆ ನಾ ಹೇಳ್ತೇನಿ. ಅವರು ಕಂಡಿಲ್ಲ. ನಾ ಕಂಡೇನಿ."

"ಏನ್ ಕಂಡ್ರಿ? ನಾ ಮುಟ್ಟೇನೇನ್ ಆಕಿನ್ನ? ನೀವಾ ಹೇಳ್ರಿ, ಮುಟ್ಟೇನೇನು?"

"ಮುಟ್ಟಿಲ್ಲ," ಎಂದಳು ಸತ್ತೆವ್ವ. "ಅದನ್ನ ಕಂಡೇನಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಅತ್ತೆಯನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. "ಗಾಡಿ ಹತ್ತು." ಇಷ್ಟು ದಿನ ಕಟ್ಟೆಯ ಮೇಲೆ ಕೇಳಿದ ದನಿ ಅದಾಗಿರಲಿಲ್ಲ. ತಗ್ಗಿದ, ಒಣಗಿದ, ಎರಡನೇ ಸಲ ಹೇಳಬೇಕಾಗಿ ಬರುವುದಿಲ್ಲವೆಂದು ಗೊತ್ತಿದ್ದ ದನಿ.

ಸುಮನಳ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಸತ್ತೆವ್ವ ಅವಳ ಕೈ ಹಿಡಿಯಲಿಲ್ಲ. ಹಿಡಿಯಬೇಕೆನ್ನಿಸಿತು, ಆದರೆ ತಡೆದುಕೊಂಡಳು.

"ನೀ ಏನಂತಿ ಸುಮೀ?"

ಸುಮನ ತಾಯಿಯನ್ನು ನೋಡಿದಳು. ಹಾಗೆ ಯಾರೂ ಅವಳನ್ನು ಈ ತನಕ ಕೇಳಿರಲಿಲ್ಲ. ಆಮೇಲೆ ಹಿಂದಿನ ಗಾಲಿಯ ಹತ್ತಿರ ಹೋಗಿ ಕುಳಿತಳು.

"ಸೀಟಿಗೆ ಹೋಗಿ ಬ್ರೇಕ್ ಹಿಡೀರಿ," ಎಂದಳು ಗಂಡನಿಗೆ. "ಕಲ್ಲ ತಗೀತೇನಿ. ನೀವು ಹೋಗ್ರಿ."

ಅವನು ಅವಳ ಕಡೆಗೆ ನಡೆದ. ಸತ್ತೆವ್ವ ನಡುವೆ ಬಂದು ನಿಂತಳು. ಅವಳ ಬಲಗಾಲು ತಡೆಯಿಲ್ಲದೆ ನಡುಗುತ್ತಿತ್ತು, ಆದರೆ ನಿಂತಿತ್ತು. ಮತ್ತೊಂದು ಕಬ್ಬಿನ ಟ್ರ್ಯಾಕ್ಟರ್ ಏರಿ ಬಂತು. ಅದರ ಡ್ರೈವರ್ ವೇಗ ತಗ್ಗಿಸಿ, "ಏನಾಗೇತ್ರಿ ಯಕ್ಕಾ?" ಎಂದು ಕೇಳಿದ.

"ಏನಿಲ್ಲಪ್ಪ. ಗಾಡಿ ಕೆಟ್ಟಿತ್ತು. ದುರಸ್ತಿ ಆಗೇತಿ, ಹೊಂಟಾರ."

ಕಿಶೋರ ಪಾನಾವನ್ನು ಒಳಗೆಸೆದು ಸೀಟು ಹತ್ತಿದ. ಸುಮನ ಕಲ್ಲುಗಳನ್ನು ಎಳೆದು ರಸ್ತೆಯ ಬದಿಗೆ ಹಾಕಿದಳು. ಬೆಲ್ಲದ ಗಾಡಿ ಏರು ಹತ್ತಿ ತಿರುವಿನಲ್ಲಿ ಮರೆಯಾದ ಮೇಲೆ ಇಬ್ಬರೂ ಗಂಟು ಎತ್ತಿಕೊಂಡು, ಊರ ಕಡೆಯ ಬಸ್ಸಿಗಾಗಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತರು.

ಫಾಲ್ಸ್ ಕಡೆಯಿಂದ ಇಳಿದು ಬಂದ ಬಸ್ಸು ಕೈ ಮಾಡಿದ್ದಕ್ಕೆ ನಿಂತಿತು. ಪಾಳಿ ಮುಗಿಸಿದ ನೂಲಿನ ಮಿಲ್ಲಿನ ಹೆಂಗಸರು ಒತ್ತಿ ಕುಳಿತು ಇಬ್ಬರಿಗೂ ಜಾಗ ಮಾಡಿಕೊಟ್ಟರು. ಬಸ್ಸು ಇನ್ನೂ ಗೋಕಾಕ ಮುಟ್ಟಿರಲಿಲ್ಲ, ಸುಮನ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಪ್ರತಿ ತಿರುವಿಗೂ ಅವಳ ತಲೆ ಒಮ್ಮೆ ಕಿಟಕಿಯ ಸರಳಿಗೆ, ಒಮ್ಮೆ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಭುಜಕ್ಕೆ ಒರಗುತ್ತಿತ್ತು; ಆ ಹೆಂಗಸು ತನ್ನ ತಲೆಗೂದಲಿಗೆ ಅಂಟಿದ್ದ ಹತ್ತಿಯನ್ನು ತೆಗೆಯುತ್ತ, ಭುಜವನ್ನು ಮಾತ್ರ ಅಲುಗಿಸದೆ ಕುಳಿತಿದ್ದಳು.