ಬೋಲ್ಟಿನ ಹಳದಿ ನೂಲು

ಮೆಕ್ಯಾನಿಕ್ ಗುಡ್ಡಪ್ಪ ಬಿಗಿದ ಬೋಲ್ಟಿನಲ್ಲಿ ಎಣ್ಣೆ ಸೋರುವುದಿಲ್ಲ ಎಂಬ ಮಾತು ಹರಿಹರದಲ್ಲಿತ್ತು. ಅರಿಶಿನ ಹಚ್ಚಿದ ನೂಲು ಸುತ್ತದೆ ಅವನು ಯಾವ ಬೋಲ್ಟನ್ನೂ ಮುಚ್ಚುತ್ತಿರಲಿಲ್ಲ. ಆ ನೂಲಿಗೆ ಚಿಕ್ಕಂದಿನಲ್ಲಿ ಅರಿಶಿನ ಹಚ್ಚಿಕೊಡುತ್ತಿದ್ದವಳು ಮಗಳು ಸಹನಾ.

ಈಗ ಅವಳು ಅಪ್ಪನ ಗ್ಯಾರೇಜಿನಲ್ಲಿ ಗಂಡ ಮಂಜುನಾಥನ ಪಿಕಪ್ ಗಾಡಿಯ ಮುಂದೆ ನಿಂತಿದ್ದಳು. ಕೊಕ್ಕನೂರಿನಿಂದ ಬರುವಾಗ ಹಿಂದಿನ ಗಾಲಿಗಳು ಒಮ್ಮೆಲೇ ಕಚ್ಚಿಕೊಂಡು ಗಾಡಿ ಮಗುಚಿತ್ತು. ಮಂಜುನಾಥ ಅಲ್ಲೇ ತೀರಿಹೋದ. ಕುಡಿದು ಓಡಿಸಿದ ಎಂದು ಊರು ತೀರ್ಮಾನಿಸಿತು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅಂದೀತು.

“ಅವ್ರು ಒಂದು ಹನಿ ಬಾಯಿಗೆ ಮುಟ್ಟಿಸ್ದೋರಲ್ಲ. ಗಾಡಿ ಯಾಕ ಕಚ್ಚಿಕಂತು, ಬಿಚ್ಚಿ ನೋಡಪ್ಪ. ನೀ ಹೇಳಿದ್ರೆ ಊರು ನಂಬ್ತೈತೆ,” ಎಂದಳು.

ಅಳಿಯ ಇದನ್ನು ದಾವಣಗೆರೆಯ ದಲ್ಲಾಳಿಯೊಬ್ಬನಿಂದ ಕೊಳ್ಳುವಾಗ ಓಡಿಸಿ ನೋಡಿ ಒಪ್ಪಿದವನು ಗುಡ್ಡಪ್ಪನೇ. “ಹಿಂದಿನ ಡಿಫರೆನ್ಶಿಯಲ್ ಎಣ್ಣೆ ಬದಲಿಸೋಣೇನ್ರಿ ಮಾವ?” ಎಂದು ಮಂಜುನಾಥ ಕೇಳಿದ್ದ. “ಬೆಣ್ಣೆ ಇದ್ದಂಗೈತೆ, ಒಂದು ಸದ್ದಿಲ್ಲ. ಸುಮ್ನೆ ಯಾಕ ಬಿಚ್ತೀರಿ,” ಎಂದಿದ್ದ ಇವನು.

ಗುಡ್ಡಪ್ಪ ಗಾಡಿಯಡಿ ಮಲಗಿ, ಹಿಂದಿನ ಗಾಲಿಗಳ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಶಿಯಲ್ ಕೆಳಗೆ ತಗಡಿನ ಡಬ್ಬಿ ಇಟ್ಟು ಅದರ ಬೋಲ್ಟು ಬಿಚ್ಚಿದ. ಎಣ್ಣೆ ಹರಿಯಲಿಲ್ಲ. ಮರದ ಹೊಟ್ಟು ಬೆರೆತ ಕಪ್ಪು ಗಸಿ ತೊಟತೊಟ ಬಿತ್ತು, ಜೊತೆಗೆ ಮುರಿದ ಗೇರಿನ ಹಲ್ಲುಗಳು. ಸವೆದ ಗೇರು ಕೂಗದಿರಲೆಂದು ಮಾರುವ ಮುಂಚೆ ಹೊಟ್ಟು ತುಂಬುತ್ತಾರೆ. ಹರಿಹರದ ದಲ್ಲಾಳಿಗಳು ಕಳಿಸಿದ ಗಾಡಿಗಳಿಗೆಲ್ಲ ಗುಡ್ಡಪ್ಪನೇ ತುಂಬಿಕೊಡುತ್ತಿದ್ದ. ಬೋಲ್ಟಿನ ಕುತ್ತಿಗೆಯಲ್ಲಿ ಅವನದೇ ನೂಲಿತ್ತು. ಕೈ ಬದಲಾಗಿ, ಬಣ್ಣ ಬದಲಾಗಿ ದಾವಣಗೆರೆಯಿಂದ ಬಂದ ಗಾಡಿಯ ಗುರುತು ಅವನಿಗೇ ಸಿಕ್ಕಿರಲಿಲ್ಲ, ತನ್ನ ಮೋಸಕ್ಕೆ ತಾನೇ ತಲೆದೂಗಿದ್ದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಮಾವ, ಉಂಡವನು ಅಳಿಯ.

ನಿಜ ಹೇಳಿದರೆ ಸತ್ತವನ ಹೆಸರು ಉಳಿಯುತ್ತದೆ, ಮಗಳು ತನಗೆ ಉಳಿಯುವುದಿಲ್ಲ. ಅವನಿಗೆ ಭಯವಾಯಿತು. ಡಬ್ಬಿಯನ್ನು ಒಳಕ್ಕೆ ತಳ್ಳಿ, ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದು ಎದ್ದ.

“ಗಾಡಿದೇನೂ ತಪ್ಪಿಲ್ಲವ್ವ. ಎಲ್ಲಾ ಸರಿ ಐತೆ.”

ಸಹನಾ ಅವನ ಮುಖ ನೋಡಿದಳು. ಬಗ್ಗಿ ಡಬ್ಬಿಯನ್ನು ಹೊರಗೆಳೆದಳು. ಗ್ಯಾರೇಜಿನಲ್ಲೇ ಬೆಳೆದವಳಿಗೆ ಹೊಟ್ಟಿನ ಅರ್ಥ ಗೊತ್ತಿತ್ತು. ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ಎದ್ದು ಬಂದು ಅಪ್ಪನ ಮುಷ್ಟಿ ಬಿಡಿಸಿದಳು. ಸೆರಗಿನಿಂದ ಬೋಲ್ಟು ಒರೆಸಿದಾಗ ವಾಷರಿನಡಿ ನೂಲು ಇನ್ನೂ ಹಳದಿಯಾಗಿತ್ತು.

“ಹಂಗಾರೆ ಅವ್ರು ಕುಡಿದಿದ್ರು ಅಂತ ನೀನೂ ಹೇಳ್ತಿದ್ದೆ, ಅಲ್ಲೇನಪ್ಪ?”

ಗುಡ್ಡಪ್ಪ ಬೋಲ್ಟಿಗೆ ಕೈ ಚಾಚಿದ. ಅವಳು ಬೋಲ್ಟನ್ನು ಸೆರಗಿಗೆ ಗಂಟು ಹಾಕಿಕೊಂಡು ಪೊಲೀಸ್ ಠಾಣೆಯ ಕಡೆ ನಡೆದಳು.