ಕಾರೆಕೊಲ್ಲಿಯ ಪಾಲಿನ ಪೆಟ್ರೋಲು

ನನ್ನ ಗಂಡ ಮಾದಪ್ಪನವರು ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಕಲ್ಲೂರಿನ ಕಾಳುಮೆಣಸಿನ ಅಂಗಡಿ, ಜೊತೆಗೆ ಒಂದು ಹಳೆಯ ಓಮ್ನಿ. ಅಂಗಡಿ ನನ್ನ ಮಾತು ಕೇಳುತ್ತಿತ್ತು, ಓಮ್ನಿ ಕೇಳುತ್ತಿರಲಿಲ್ಲ. ಮಾರಿಬಿಡು ಎಂದು ಹೇಳದ ನೆಂಟರಿಲ್ಲ. ಅವರು ಹೇಳಿದಷ್ಟೂ ನನ್ನ ಹಟ ಹೆಚ್ಚಾಯಿತು. ನನಗೆ ಡ್ರೈವಿಂಗ್ ಕಲಿಸಿದವರು ಮಾದಪ್ಪನವರೇ, ಬೈಯುತ್ತಲೇ ಕಲಿಸಿದರು. ಅಷ್ಟು ಬೈಗುಳ ತಿಂದು ಕಲಿತ ವಿದ್ಯೆಯನ್ನು ಬಿಟ್ಟುಕೊಡಲು ನಾನೇನು ಪೆದ್ದಿಯೇ?

ಹೀಗೆ ಶಾಲೆಯ ಮಕ್ಕಳನ್ನು ಕರೆತರುವ ಕೆಲಸ ಹಿಡಿದೆ. ಕಾಡಂಚಿನ ಮೂರು ಗಿರಿಜನ ಹಾಡಿಗಳಿಂದ ಮಕ್ಕಳನ್ನು ಬೆಳಿಗ್ಗೆ ತರಬೇಕು, ಸಂಜೆ ಬಿಡಬೇಕು. ತಿಂಗಳಿಗೆ ಇಷ್ಟು ಲೀಟರ್ ಪೆಟ್ರೋಲು ಎಂದು ಶಾಲೆಯ ಪೋಷಕರ-ಶಿಕ್ಷಕರ ಸಂಘ, ಪಿಟಿಎ, ಗೊತ್ತುಮಾಡಿತ್ತು. ಮೊದಲ ಎರಡು ಹಾಡಿ ಟಾರು ರಸ್ತೆಯ ಪಕ್ಕದಲ್ಲೇ ಇವೆ. ಮೂರನೆಯದು ಕಾರೆಕೊಲ್ಲಿ. ಅಲ್ಲಿಗೆ ಕಾಡಿನೊಳಗೆ ಮಣ್ಣಿನ ದಾರಿ, ಅದು ಮುಗಿಯುವಲ್ಲಿ ಒಂದು ಗದ್ದೆ ಬಯಲು, ಬಯಲಿನ ಆಚೆ ಗುಡಿಸಲುಗಳು. ಅಲ್ಲಿಂದ ಏಳು ಮಕ್ಕಳು ಬರುತ್ತಿದ್ದರು. ಆನೆ ಓಡಾಡುವ ದಾರಿಯಾದ್ದರಿಂದ ನಡೆದು ಬರುವ ಮಾತೇ ಇಲ್ಲ.

ನನ್ನ ಓಮ್ನಿ ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುತ್ತಿತ್ತು. ತಿಂಗಳು ಮುಗಿಯುವ ಮೊದಲೇ ಪೆಟ್ರೋಲು ಮುಗಿಯುತ್ತಿತ್ತು. ಎರಡು ತಿಂಗಳು ಕೈಯಿಂದ ಹಾಕಿ ಸಂಭಾಳಿಸಿದೆ. ಮೂರನೆಯ ತಿಂಗಳು ಅಂಗಡಿ ಕೈಯೆತ್ತಿತು. ಆಗ ಪಿಟಿಎ ನೋಡಿಕೊಳ್ಳುವ ಮಲಯಾಳಿ ಮೇಷ್ಟರು ಉಣ್ಣಿ ಮಾಷ್ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಒಳ್ಳೆಯ ಮನುಷ್ಯ, ಅವರ ಭಾಷೆಯಲ್ಲಿ ನನ್ನನ್ನು ಚೇಚಿ, ಅಕ್ಕ ಎನ್ನುತ್ತಾರೆ. ಕೆಟ್ಟ ಸುದ್ದಿ ಹೇಳುವಾಗ ಮೊದಲು ಚಹಾ ತರಿಸುತ್ತಾರೆ.

"ಚೇಚೀ, ಕಾರೆಕೊಲ್ಲಿ ಬಿಟ್ಟುಬಿಡುವ. ಆ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವ" ಎಂದರು.

"ಜಾನಕಿನೂವೆ?"

ಮಾಷ್ ಚಹಾ ಲೋಟದೊಳಗೆ ನೋಡಿದರು. ಜಾನಕಿ ಕಾರೆಕೊಲ್ಲಿಯ ಬೊಮ್ಮನ್‌ನ ಮೊಮ್ಮಗಳು, ನಾಲ್ಕನೇ ಕ್ಲಾಸು. ಹಿಂದಿನ ವರ್ಷ ಅವಳನ್ನು ಹಾಸ್ಟೆಲಿಗೆ ಸೇರಿಸಿದ್ದರು. ಒಂದು ವಾರ ಅನ್ನ ಮುಟ್ಟದೆ, ಕೊನೆಗೆ ಒಂದು ಮಧ್ಯಾಹ್ನ ಗೇಟು ದಾಟಿ, ಒಬ್ಬಳೇ ಕಾಡಿನೊಳಗೆ ನಡೆದು ಮನೆ ಸೇರಿದ್ದಳು. ಏನೂ ಆಗಲಿಲ್ಲ ಎನ್ನುವುದು ನಮ್ಮ ಪುಣ್ಯ. ಆಮೇಲೆ ಅವಳು ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಓಮ್ನಿ ಬರುತ್ತದೆ, ಸಂಜೆ ಅಜ್ಜಿಯ ಹತ್ತಿರ ಬಿಡುತ್ತದೆ ಎಂದು ನಾನು ಎಷ್ಟೋ ಸಲ ಹೋಗಿ ಹೇಳಿದ ಮೇಲೆ ಮತ್ತೆ ಬರತೊಡಗಿದ್ದಳು. ಗಾಡಿ ನಿಂತರೆ ಅವಳ ಓದು ಅಲ್ಲಿಗೆ ಮುಗಿದಂತೆ. ಅದು ಮಾಷಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಒಂದ್ ತಿಂಗ್ಳು ಟೈಮ್ ಕೊಡಿ ಮಾಷೆ. ಗಾಡಿ ಕುಡಿಯೋದ್ನ ನಾನು ಬುಡುಸ್ತೀನಿ."

"ಲೀಟರಿಗೆ ಹನ್ನೆರಡಾದರೂ ಬೇಕು ಚೇಚೀ."

"ಬರ್ಸ್ತೀನಿ ಅಂದ್ನಲ್ಲ" ಎಂದು ಎದ್ದು ಬಂದೆ. ಹೇಗೆ ಬರಿಸುವುದೆಂದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಕಲ್ಲೂರು ಪೇಟೆಯ ಮೆಕ್ಯಾನಿಕ್ ಶಿಬುವನ್ನು ಕೇಳಿದೆ. ಅವನು ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಚೇಚೀ, ಇದು ಮುದಿ ವಂಡಿ. ಪೆಟ್ರೋಲ್ ಕುಡೀದೆ ಇನ್ನೇನ್ ಕಟ್ಟನ್ ಚಾಯ ಕುಡೀತದಾ?" ಎಂದು ನಕ್ಕ. ಎಂಜಿನ್ ಬಿಚ್ಚಬೇಕು, ಗಾಡಿಯನ್ನು ಶೆಡ್ಡಿನಲ್ಲಿ ಬಿಡಬೇಕು ಎಂದ. ಬಿಟ್ಟರೆ ಮಕ್ಕಳ ಗತಿ? ನೀನು ಬರಿ ಹೇಳು, ಮಾಡುವುದು ನಾನು ಮಾಡುತ್ತೇನೆ ಎಂದೆ. ಅವನು ಸ್ಪ್ಯಾನರ್ ಸೆಟ್ಟು, ಜಾಕು ಕೊಟ್ಟ. ನಾನು ಎರಡು ದಿನದಲ್ಲಿ ವಾಪಸು ತರುತ್ತೇನೆಂದು ಅವನು ಎಣಿಸಿದ್ದ. ಅವು ಈಗಲೂ ನನ್ನ ಮನೆಯಲ್ಲೇ ಇವೆ.

ಅಂಗಡಿ ಮುಚ್ಚಿದ ಮೇಲೆ ಸಂಜೆ ಹೊತ್ತು ಮನೆಯಂಗಳದಲ್ಲಿ ಕೆಲಸ. ಮೊದಲು ಭಾರ ಇಳಿಸಿದೆ. ಮೇಲೆ ಶುಂಠಿ ಮೂಟೆ ಹೇರಲು ನನ್ನವರು ಹಾಕಿಸಿದ್ದ ಕಬ್ಬಿಣದ ಕ್ಯಾರಿಯರ್ ಬಿಚ್ಚಿದೆ. ಮುಂದೆ ಆನೆಗೆಂದು ವೆಲ್ಡ್ ಮಾಡಿಸಿದ್ದ ದಪ್ಪ ಕಂಬಿಯನ್ನು ಕೊಯ್ಯಿಸಿದೆ. ಆನೆ ಬಂದರೆ ಆ ಕಂಬಿ ಏನು ಮಾಡುತ್ತಿತ್ತೋ ಆ ಮಾದಪ್ಪನವರಿಗೇ ಗೊತ್ತು. ಹಿಂದಿನ ಸೀಟಿನ ಕೆಳಗೆ ಚಕ್ರಕ್ಕೆ ಅಡ್ಡ ಇಡುವ ಕಲ್ಲುಗಳು, ತುಕ್ಕು ಹಿಡಿದ ಮಚ್ಚು, ತಕ್ಕಡಿಯ ಹಳೆಯ ಬಟ್ಟುಗಳು ಸಿಕ್ಕವು. ಇಷ್ಟು ವರ್ಷ ಇವನ್ನೆಲ್ಲ ಊರೂರು ಮೆರೆಸಿದ್ದೆವು.

ಜಾಕು ಕೊಟ್ಟು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಹಿಂದಿನ ಒಂದು ಚಕ್ರ ತಿರುಗಲೇ ಇಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಎಷ್ಟು ಕಾಲದಿಂದ ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತೋ ಪಾಪದ ಗಾಡಿ! ಹೊಸ ಕೇಬಲ್ ಹಾಕುವಾಗ ಬೆರಳು ಕೊಯ್ದುಕೊಂಡೆ, ಗಂಡನನ್ನೂ ಶಿಬುವನ್ನೂ ಸೇರಿಸಿ ಬೈದೆ. ಏರ್ ಫಿಲ್ಟರ್ ತಟ್ಟಿದರೆ ಒಂದು ಕುಂಡಕ್ಕಾಗುವಷ್ಟು ಕೆಮ್ಮಣ್ಣು ಉದುರಿತು. ಕಾರ್ಬೊರೇಟರ್ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದೆ. ಕಟ್ಟಿದ ಮೇಲೆ ಒಂದು ಸ್ಪ್ರಿಂಗು ಉಳಿಯಿತು. ಮತ್ತೆ ಬಿಚ್ಚಿದೆ. ಟೈರಿಗೆ ಗಾಳಿ ತುಂಬಿಸಿದೆ. ಸೈಲೆನ್ಸರಿನ ತೂತುಗಳಿಗೆ ತಗಡಿನ ಪಟ್ಟಿ ಬಿಗಿದೆ.

ಗಾಳಿ ಸೀಳಿಕೊಂಡು ಓಡಲಿ ಎಂದು ಮುಂದಿನ ಜಾಲರಿಯನ್ನು ಪಂಚಾಯತ್ ಚುನಾವಣೆಯ ಹಳೆಯ ಫ್ಲೆಕ್ಸ್ ತುಂಡಿನಿಂದ ಮುಚ್ಚಿಯೂ ನೋಡಿದೆ. ಸೋತ ಅಭ್ಯರ್ಥಿಯೊಬ್ಬರು ನನ್ನ ಗಾಡಿಯ ಮುಂದೆ ಕೈಮುಗಿದುಕೊಂಡು ಕಲ್ಲೂರು ಸುತ್ತಿದರು. ಏರಿನಲ್ಲಿ ರೇಡಿಯೇಟರ್ ಕುದಿಯಿತು. ಅವರನ್ನು ಅಲ್ಲೇ ಕಿತ್ತು ಬಿಸಾಡಿದೆ.

ಆಮೇಲೆ ಬಾಟಲಿ ಪರೀಕ್ಷೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಇದು ಸುಲಭ. ಟ್ಯಾಂಕಿನ ಪೈಪ್ ಕಳಚಿ, ಒಂದು ಲೀಟರ್ ಪೆಟ್ರೋಲಿನ ಬಾಟಲಿಯನ್ನು ಪಕ್ಕದಲ್ಲಿ ನೇತುಹಾಕಿ, ಅದರಿಂದ ಕಾರ್ಬೊರೇಟರಿಗೆ ಟ್ಯೂಬು ಕೊಡಬೇಕು. ಬಾಟಲಿ ಬರಿದಾಗಿ ಗಾಡಿ ನಿಂತಲ್ಲಿ ಮೀಟರ್ ನೋಡಬೇಕು. ಶಿಬು ಪಕ್ಕದಲ್ಲಿ ಕೂತ. ಮುತ್ತಂಗದ ರಸ್ತೆಯಲ್ಲಿ ಹೋಗಿ ತಿರುಗಿ ಬಂದೆವು. ಗಾಡಿ ನಿಂತಾಗ ಶಿಬು ಮೀಟರಿನ ಹತ್ತಿರ ಮುಖ ತಂದು ನೋಡಿದ.

"ಹದಿನೈದು, ಚೇಚೀ!"

ನಡುರಸ್ತೆಯಲ್ಲಿ ಚಪ್ಪಾಳೆ ತಟ್ಟಿದೆ. ಮೈಸೂರಿನ ಬಸ್ಸಿನವನು ಹಾರ್ನ್ ಹೊಡೆದು ಬೈದ. ಬೈದರೆ ಬೈಯಲಿ ಎಂದು ಕೈ ಬೀಸಿದೆ, ಅಷ್ಟು ಖುಷಿಯಾಗಿತ್ತು.

ಖುಷಿ ಒಂದು ವಾರ ಬಾಳಲಿಲ್ಲ. ಮಕ್ಕಳ ಟ್ರಿಪ್ ಹೊಡೆಯುವಾಗ ಲೆಕ್ಕ ಹಾಕಿದರೆ ಲೀಟರಿಗೆ ಹತ್ತು, ಬಹಳವಾದರೆ ಹನ್ನೊಂದು. ಬಂಕಿನವನ ಮೇಲೆ ಅನುಮಾನಪಟ್ಟೆ. ಟ್ಯಾಂಕಿನ ಕೆಳಗೆ ಮಲಗಿ ಸೋರುತ್ತದೆಯೇ ಎಂದು ಮೂಸಿ ನೋಡಿದೆ. ಮಣ್ಣು ದಾರಿ ಎಂದರೂ ಇಷ್ಟು ತಿನ್ನಬಾರದು. ಇನ್ನೊಂದು ವಿಚಿತ್ರವಿತ್ತು. ಕಾರೆಕೊಲ್ಲಿಯಲ್ಲಿ ಮಕ್ಕಳು ಮೊದಲಿಗಿಂತ ತಡವಾಗಿ ಬರತೊಡಗಿದ್ದರು. ಗದ್ದೆಯಂಚಿನಲ್ಲಿ ಗಾಡಿ ನಿಲ್ಲಿಸಿ ಕಾದೂ ಕಾದೂ ಸಾಕಾಗುತ್ತಿತ್ತು. ಮೊದಲ ಬೆಲ್ ತಪ್ಪಿತೆಂದು ಉಣ್ಣಿ ಮಾಷ್ ಎರಡು ಸಲ ಮುಖ ಸಿಂಡರಿಸಿದರು. ತಿಂಗಳಲ್ಲಿ ಅರ್ಧ ಕಳೆದುಹೋಗಿತ್ತು. ಈ ಹಟದಲ್ಲಿ ಸೋಲುತ್ತೇನೇನೋ ಎಂದು ಮೊದಲ ಸಲ ಭಯವಾಯಿತು.

ಸೋತರೂ ಕಾರಣ ತಿಳಿದು ಸೋಲಬೇಕು. ಮರುದಿನ ಬೆಳಿಗ್ಗೆ ಕಾರೆಕೊಲ್ಲಿಗೆ ಹೋಗುವಾಗಲೇ ಬಾಟಲಿ ನೇತುಹಾಕಿದೆ. ಅಲ್ಲಿಗೆ ಹೋಗುವಾಗ ಗಾಡಿ ಖಾಲಿ ಇರುತ್ತದೆ, ಮಕ್ಕಳು ಹತ್ತುವ ಮೊದಲು ಬಾಟಲಿ ತೆಗೆದುಬಿಡುವುದು. ದಾರಿಯಲ್ಲೆಲ್ಲ ಪೆಟ್ರೋಲು ನಾನು ಎಣಿಸಿದಷ್ಟೇ ಇಳಿಯಿತು. ಗದ್ದೆಯಂಚಿಗೆ ಬಂದು ನಿಲ್ಲಿಸಿದೆ. ಎಂದಿನಂತೆ ಎಂಜಿನ್ ಓಡುತ್ತಲೇ ಇತ್ತು. ಕಾಡಿನಲ್ಲಿ ಕೀಲಿ ಮುಟ್ಟಬಾರದು, ಆನೆ ಬಂದರೆ ಗಾಡಿ ಸ್ಟಾರ್ಟಾಗಲೆಂದು ದೇವರನ್ನು ಕರೆಯುತ್ತ ಕೂರಬೇಕಾಗುತ್ತದೆ ಎಂದು ಮಾದಪ್ಪನವರು ಹೇಳಿಕೊಟ್ಟಿದ್ದರು. ಅವರೊಬ್ಬರೇ ಅಲ್ಲ, ಈ ದಾರಿಯಲ್ಲಿ ಜೀಪಿನವರೂ ಆಟೋದವರೂ ಹಾಗೇ ಮಾಡುವುದು. ಅದರಲ್ಲಿ ಯೋಚಿಸುವುದೇನಿದೆ ಎಂದುಕೊಂಡೇ ನಾನೂ ಇಷ್ಟು ದಿನ ಕೂತಿದ್ದೆ.

ಬಾಟಲಿ ನೋಡುತ್ತ ಕೂತೆ. ಗಾಡಿ ಕದಲದಿದ್ದರೂ ಪೆಟ್ರೋಲು ಇಳಿಯುತ್ತಿತ್ತು. ಒಂದು ಬೆರಳಗಲ ಇಳಿಯಿತು. ಮಕ್ಕಳ ಸುಳಿವಿಲ್ಲ. ಇನ್ನೂ ಒಂದು ಬೆರಳು ಇಳಿಯಿತು. ನನ್ನ ಕಣ್ಣೆದುರೇ ಜಾನಕಿಯ ಶಾಲೆ ಹೊಗೆಯಾಗಿ ಹೋಗುತ್ತಿದೆ ಎನ್ನಿಸಿತು. ಕೀಲಿಗೆ ಕೈ ಹಾಕಿದೆ, ತೆಗೆದೆ. ಮತ್ತೆ ಹಾಕಿದೆ. ಆರಿಸಿಬಿಟ್ಟೆ.

ಸದ್ದೆಲ್ಲ ಒಮ್ಮೆಲೇ ನಿಂತಿತು. ಕೂತರೆ ಧೈರ್ಯ ಸೋರಿಹೋಗುತ್ತದೆ ಎಂದು ಇಳಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಗದ್ದೆಯ ಬದುವಿನ ಮೇಲೆ ದಡದಡ ನಡೆದೆ.

ಹಾಡಿಯಲ್ಲಿ ಏಳೂ ಮಕ್ಕಳು ಬ್ಯಾಗು ಬೆನ್ನಿಗೇರಿಸಿಕೊಂಡು, ತಲೆ ಬಾಚಿಕೊಂಡು, ಬೊಮ್ಮನ್‌ನ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ನನ್ನನ್ನು ನೋಡಿ ಬೊಮ್ಮನ್ ಗಾಬರಿಯಾಗಿ ಎದ್ದ.

"ಯಾಕವ್ವಾ ನಡ್ಕಂಡ್ ಬಂದೆ? ಗಾಡಿ ಕೆಟ್ಟೋಯ್ತಾ?"

"ಗಾಡಿ ನೆಟ್ಟಗದೆ. ಮಕ್ಕಳ್ನ ಯಾಕ್ ಕಳುಸ್ನಿಲ್ಲ ಬೊಮ್ಮಣ್ಣ? ನಾ ಬಂದು ಎಷ್ಟೊತ್ತಾಯ್ತು!"

"ಸದ್ದು ಕೇಳ್ನಿಲ್ಲವಲ್ಲ!"

ಬೊಮ್ಮನ್‌ನ ಹೆಂಡತಿ ಕುಳ್ಳಿ ಒಳಗಿನಿಂದ ನಕ್ಕಳು. "ನಿನ್ ಗಾಡಿ ಅಲ್ಲಿ ತಿರುವ್ನಲ್ಲಿ ಬರಬೇಕಾದ್ರೇ ಗುಡುಗ್ತಿತ್ತು ಕನವ್ವ. ಅದ ಕೇಳ್ಕಂಡೇ ಮಕ್ಕ ಇಳಿತಿದ್ದೊ. ಈಗ ಬೆಕ್ಕು ಬಂದಂಗೆ ಬತ್ತೀಯಾ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಗಾಡಿಯ ತೂತು ಸೈಲೆನ್ಸರೇ ಈ ಹಾಡಿಗೆ ಶಾಲೆಯ ಗಂಟೆಯಾಗಿತ್ತು. ಪೆಟ್ರೋಲು ಉಳಿಸಲು ಹೋಗಿ ಗಂಟೆಯ ಬಾಯಿಗೆ ನಾನೇ ತಗಡು ಬಿಗಿದಿದ್ದೆ. ಮಕ್ಕಳು ಅಲ್ಲಿ ಸದ್ದಿಗೆ ಕಾಯುವುದು, ನಾನು ಇಲ್ಲಿ ಎಂಜಿನ್ ಉರಿಸಿಕೊಂಡು ಮಕ್ಕಳಿಗೆ ಕಾಯುವುದು. ಬಂದೆನೆಂದು ತಿಳಿಸೋಣವೆಂದರೆ ಅಲ್ಲಿ ಫೋನ್ ಸಿಗುವುದಿಲ್ಲ, ಕಾಡಿನಲ್ಲಿ ಹಾರ್ನ್ ಹೊಡೆಯುವ ಹಾಗಿಲ್ಲ.

"ಮಕ್ಕಳ್ನ ಮೊದ್ಲೇ ಗದ್ದೆ ಅಂಚಿಗೆ ತಂದು ಕೂರ್ಸ್ಕೋ" ಎಂದೆ.

"ಆಗಕಿಲ್ಲ. ಅದು ಆನೆ ದಾಟೋ ಜಾಗ."

"ನೀನು ಅಟ್ಟಣೆ ಮೇಲೇ ಇರ್ತೀಯಲ್ಲ?" ಪೈರು ಕಾಯಲು ಬೊಮ್ಮನ್ ಗದ್ದೆಯ ನಡುವಿನ ಮರದ ಮೇಲೆ ಅಟ್ಟಣೆ ಕಟ್ಟಿದ್ದ, ಬೆಳಿಗ್ಗೆ ಅಲ್ಲಿಂದ ಇಳಿಯುತ್ತಿದ್ದ. "ಇನ್ನೊಂಚೂರು ಹೊತ್ತು ಅಲ್ಲೇ ಇರು. ನನ್ ಗಾಡಿ ಕಂಡೇಟ್ಗೆ ಒಂದು ಕೂ ಹಾಕು. ಮಕ್ಳು ಇಳಿದು ಬರ್ಲಿ."

ಅವನು ಗಡ್ಡ ಕೆರೆದುಕೊಂಡ. ತಾನು ಯಾರ ಗಾಡಿಗೂ ಕೂಗುವವನಲ್ಲ, ತನಗೂ ಮನೆಗೆ ಬಂದು ಗಂಜಿ ಕುಡಿಯಬೇಡವೇ ಎಂದ. ಕುಳ್ಳಿ ಗಂಜಿಯನ್ನು ಅಟ್ಟಣೆಗೇ ಕೊಡುತ್ತೇನೆ ಎಂದಳು. ಆಮೇಲೆ ಬೊಮ್ಮನ್ ಒಂದು ಷರತ್ತು ಹಾಕಿದ. "ನೀ ನಿಂತ್ಕಂಡು ಗುರ್ ಅನ್ನಿಸ್ಬಾರ್ದು. ಆಪು ಮಾಡ್ಬೇಕು. ಇಲ್ದೇ ಇದ್ರೆ ನಂಗೂ ಏನೂ ಕೇಳಕಿಲ್ಲ."

"ಆಪು ಮಾಡ್ಬುಟ್ಟೇ ಬಂದಿವ್ನಿ, ನೋಡು" ಎಂದು ಕೀಲಿ ಎತ್ತಿ ತೋರಿಸಿದೆ.

ಅಂದಿನಿಂದ ಹೀಗೇ ನಡೆಯಿತು. ತಿರುವಿನಲ್ಲಿ ನನ್ನ ಬಿಳಿ ಗಾಡಿ ಕಂಡೊಡನೆ ಅಟ್ಟಣೆಯಿಂದ ಕೂ ಎಂದು ಉದ್ದನೆಯ ಕೂಗು. ನಾನು ಗದ್ದೆಯಂಚಿಗೆ ಬಂದು ಕೀಲಿ ತಿರುಗಿಸಿ ಆರಿಸುವಷ್ಟರಲ್ಲಿ ಮಕ್ಕಳು ಅರ್ಧ ಬದು ದಾಟಿರುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಎರಡು ಕೂ ಕೇಳಿಸಿತು, ಆನೆ ಇದೆ ಎಂಬ ಗುರುತು. ಮಕ್ಕಳು ಇದ್ದಲ್ಲೇ ನಿಂತರು, ನಾನು ಕೀಲಿ ಹಿಡಿದು ಕೂತೆ. ಬಿದಿರು ಮುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಆನೆ, ಅದರ ಮರಿ, ನನ್ನ ಹಿಂದೆ ಸ್ವಲ್ಪ ದೂರದಲ್ಲಿ ದಾರಿ ದಾಟಿ ಹೋದವು. ಕೀಲಿ ತಿರುಗಿಸಲಿಲ್ಲ. ಬೊಮ್ಮನ್ ಮತ್ತೆ ಒಂದು ಕೂ ಹಾಕಿದ ಮೇಲೆ ಮಕ್ಕಳು ಬಂದು ಹತ್ತಿದರು. ಗಾಡಿ ಒಂದೇ ಏಟಿಗೆ ಸ್ಟಾರ್ಟಾಯಿತು. ಅದಕ್ಕೆ ಮುತ್ತು ಕೊಡಬೇಕೆನ್ನಿಸಿತು.

ತಿಂಗಳ ಕೊನೆಯ ದಿನವೂ ಟ್ಯಾಂಕಿನಲ್ಲಿ ಪೆಟ್ರೋಲು ಇತ್ತು. ಮೊದಲರ್ಧ ತಿಂಗಳು ಸುಟ್ಟದ್ದನ್ನೂ ಸೇರಿಸಿ ಲೀಟರಿಗೆ ಹನ್ನೆರಡರ ಮೇಲೆ ಬಿದ್ದಿತ್ತು. ಮೀಟಿಂಗಿನಲ್ಲಿ ಒಬ್ಬ ಸದಸ್ಯರು, ಉಳಿಯುತ್ತದೆ ಎಂದಾದರೆ ಮುಂದಿನ ತಿಂಗಳಿಂದ ಪೆಟ್ರೋಲು ಸ್ವಲ್ಪ ಕಡಿಮೆ ಮಾಡಬಹುದಲ್ಲ ಎಂದರು. ನಾನು ಅವರ ಕಡೆ ತಿರುಗಿ ಕೂತೆ. ಅವರು ಆ ವಿಷಯ ಬಿಟ್ಟರು. ಉಣ್ಣಿ ಮಾಷ್ ಎದ್ದು ನಿಂತು, ಕಾರೆಕೊಲ್ಲಿಯ ಟ್ರಿಪ್ ಪರೀಕ್ಷೆ ಮುಗಿಯುವವರೆಗೂ ಇರುತ್ತದೆ, ಮುಂದಿನ ವರ್ಷಕ್ಕೂ ಇರುತ್ತದೆ ಎಂದು ಹೇಳಿದರು. ಈ ಸಲ ಚಹಾ ಒಳ್ಳೆಯ ಸುದ್ದಿಯ ನಂತರ ಬಂತು.

ಆ ಸಂಜೆ ಮಕ್ಕಳನ್ನು ಬಿಡುವಾಗ ಕಾರೆಕೊಲ್ಲಿಯ ದಾರಿಯಲ್ಲಿ ಜಾನಕಿಗೆ ಹೇಳಿದೆ. "ಹಾಸ್ಟೆಲ್ ಇಲ್ಲ ಕನ ಮಗ. ಗಾಡಿ ನಿಲ್ಲಕಿಲ್ಲ. ಮುಂದಿನ್ ವರ್ಷನೂ ನಾನೇ ಬತ್ತೀನಿ."

"ದಿನಾಲೂವೆ?" ಎಂದಳು.

"ದಿನಾಲೂವೆ."

ಗದ್ದೆಯಂಚಿನಲ್ಲಿ ನಿಲ್ಲಿಸಿ ಬಾಗಿಲು ಸರಿಸಿದೆ. ಉಳಿದ ಮಕ್ಕಳು ಎಂದೂ ಹಿಂದೆ ತಿರುಗಿ ನೋಡಿದವರಲ್ಲ, ಇಳಿದರೆ ಓಟವೇ. ಜಾನಕಿ ಮಾತ್ರ ಅಷ್ಟು ದಿನವೂ ಬದುವಿನ ಮೇಲೆ ನಿಂತು, ಗಾಡಿ ತಿರುವು ದಾಟಿ ಮರೆಯಾಗುವವರೆಗೆ, ನಾಳೆ ಬರುತ್ತದೋ ಇಲ್ಲವೋ ಎಂಬಂತೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಅವಳು ಚಿಕ್ಕದಾಗುತ್ತ ಹೋಗುವುದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಅಂದು ಅವಳು ಎಲ್ಲರಿಗಿಂತ ಮೊದಲು ಜಿಗಿದಳು. ಬ್ಯಾಗು ಬೆನ್ನ ಮೇಲೆ ಕುಣಿಯುತ್ತಿರಲು ಬದುವಿನುದ್ದಕ್ಕೂ ಓಡಿ, ಎಲ್ಲರನ್ನೂ ಹಿಂದೆ ಹಾಕಿ, ಕೇಕೆ ಹಾಕಿಕೊಂಡು ಹಾಡಿಯೊಳಗೆ ಹೊಕ್ಕಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಆರಿಸಿದ ಗಾಡಿಯಲ್ಲಿ ಕೂತು ಮನಸಾರೆ ಅತ್ತೆ.